ಬಿಸಿ ನೆಲಕ್ಕೆ ಹಂಚು ಹಾಕಿದ ಐತಪ್ಪ

೧೯೭೯ರಲ್ಲಿ ನಾನು ಪುತ್ತೂರಿನ ಕಟ್ಟಡ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಇಂಜಿನಿಯರ್ ಆಗಿದ್ದೆ. ಸಿವಿಲ್ ಡಿಪ್ಲೊಮಾ ಮುಗಿಸಿ ಒಂಬತ್ತು ವರ್ಷವಾಗಿತ್ತು. ಶಾಲೆ, ಗೋದಾಮು, ಮನೆ ಎಂದು ಹಲವು ಕಡೆ ನೆಲ ಹಾಕಿಸಿದ್ದೆ. ನೆಲದ ವಿಷಯದಲ್ಲಿ ನನಗೆ ಹೇಳಿಕೊಡುವವರು ಈ ಕಡೆ ಯಾರೂ ಇಲ್ಲ ಎಂಬ ನಂಬಿಕೆ ನನ್ನದು.

ಆ ವರ್ಷ ಸುಳ್ಯ ಕಡೆಯ ಬೆಳೆಗಾರರ ಸಂಘವೊಂದು ಕೊಕ್ಕೋ ಬೀಜ ಒಣಗಿಸುವ ಕಟ್ಟಡವನ್ನು ನಮಗೆ ವಹಿಸಿತು. ಕೊಕ್ಕೋ ಆಗಿನ್ನೂ ಹೊಸ ಬೆಳೆ. ಹುಳಿ ಬರಿಸಿದ ಬೀಜವನ್ನು ಕೂಡಲೇ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಬಿಸಿಲು ಇಲ್ಲದ್ದರಿಂದ ನೆಲವನ್ನೇ ಬಿಸಿ ಮಾಡಬೇಕು ಎಂಬುದು ಯೋಜನೆ. ಗೋಡೆಯ ಹೊರಗೆ ಒಲೆ. ಅದರ ಹೊಗೆ ಮತ್ತು ಶಾಖ ನೆಲದಡಿಯ ಮೂರು ಇಟ್ಟಿಗೆ ಕಾಲುವೆಗಳಲ್ಲಿ ಹರಿದು ಆಚೆ ತುದಿಯ ಚಿಮ್ನಿಯಿಂದ ಹೊರಹೋಗಬೇಕು. ಕಾಲುವೆಯ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಗಾರೆ, ಗಾರೆಯ ಮೇಲೆ ಮಣ್ಣಿನ ಚೌಕ ಹಂಚು. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ನೆಲ. ಹಂಚಿನ ಸಂದಿಯಿಂದ ಒಂದಿಷ್ಟು ಹೊಗೆ ಮೇಲೆ ಬಂದರೂ ಬೀಜಕ್ಕೆ ವಾಸನೆ ಹಿಡಿಯುತ್ತದೆ, ಆಮೇಲೆ ಅದನ್ನು ಯಾರೂ ಕೊಳ್ಳುವುದಿಲ್ಲ.

ಪ್ಲಾನು ನನ್ನದೇ. ಸಿಮೆಂಟಿನ ಗಾರೆ, ಗೋಡೆಯಿಂದ ಗೋಡೆಗೆ ಸಂದಿಯಿಲ್ಲದೆ ಒತ್ತಿ ಕೂರಿಸಿದ ಹಂಚು. ಕೆಲಸಕ್ಕೆ ಶೇಖರ ಮೇಸ್ತ್ರಿಯನ್ನು ನಿಶ್ಚಯಿಸಿಕೊಂಡಿದ್ದೆ. ಆರು ವರ್ಷದಿಂದ ನನ್ನ ಜೊತೆಗಿದ್ದವನು, ನಾನು ಹೇಳಿದ ಮೇಲೆ ಎರಡು ಮಾತಿಲ್ಲ. ಆದರೆ ಸಂಘದ ಅಧ್ಯಕ್ಷರಾದ ವೆಂಕಪ್ಪ ಗೌಡರು ಕಡಬದಿಂದ ಇನ್ನೊಬ್ಬನನ್ನು ಕರೆಸಿದರು. ಐತಪ್ಪ ಎಂದು ಹೆಸರು. ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿನ ನೆಲ ರಿಪೇರಿ ಮಾಡುತ್ತಿದ್ದವನಂತೆ.

ಐತಪ್ಪ ಸಂಘದ ಕಚೇರಿಯಲ್ಲಿ ನನ್ನ ಪ್ಲಾನನ್ನು ಮೇಜಿನ ಮೇಲೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹಂಚು ಗೋಡೆಗೆ ತಾಗುವ ಗೆರೆಯ ಮೇಲೆ ಬೆರಳುಗಳನ್ನಿಟ್ಟು ಮೆಲ್ಲಗೆ ಹೇಳಿದ: "ಇದು ಏಳ್ತದೆ ಇಂಜಿನಿಯರ್ರೆ. ಬಿಸಿಗೆ ಹಂಚು ಹಿಗ್ಗುದು ಉಂಟಲ್ಲ, ಅದಕ್ಕೆ ಹೋಗ್ಲಿಕ್ಕೆ ಜಾಗ ಎಲ್ಲಿ?"

ಚಪ್ಪಡಿಯ ಸಂದಿಗೆ ಜೇಡಿಮಣ್ಣು ತುಂಬಬೇಕು, ಅದರ ಮೇಲೆ ಒಂದಿಂಚು ಮರಳು, ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ, ಗೋಡೆಯ ಸುತ್ತ ಮುಕ್ಕಾಲು ಇಂಚು ಸಂದಿ ಎಂದು ಅವನು ವಿವರಿಸಿದ. ಗೌಡರು ಕುರ್ಚಿ ಮುಂದಕ್ಕೆಳೆದು ಕೇಳಿದರು. ನಾನು ಪ್ಲಾನು ವಿವರಿಸಿದಾಗ ಅವರು ಎರಡು ಸಲ ಗಡಿಯಾರ ನೋಡಿದ್ದರು. ಹೊರಗೆ ಬಂದ ಮೇಲೆ, ನನ್ನ ಜೊತೆ ಬಂದಿದ್ದ ಶೇಖರನೂ, "ಅವ ಹೇಳುದರಲ್ಲಿ ವಿಷಯ ಉಂಟು" ಎಂದ. ನನ್ನದೇ ಮೇಸ್ತ್ರಿ! ಪುತ್ತೂರಿಗೆ ಮರಳುವ ಬಸ್ಸಿನಲ್ಲಿ ಪೂರಾ ದಾರಿ ನಾನು ಐತಪ್ಪನ ಬೆರಳುಗಳ ಬಗ್ಗೆಯೇ ಯೋಚಿಸುತ್ತಿದ್ದೆ. ನಾನು ನಾಲ್ಕು ದಿನ ಕೂತು ಬರೆದ ಪ್ಲಾನಿನ ಮೇಲೆ ಅವು ಒಂದೇ ಕ್ಷಣದಲ್ಲಿ ತಪ್ಪಿನ ಜಾಗಕ್ಕೆ ಹೋಗಿ ನಿಂತಿದ್ದವು.

ಅವನ ಮಾತು ಸರಿ ಎಂದು ಆಗಲೇ ನನಗೆ ಅನಿಸಿತ್ತು. ಶಾಖಕ್ಕೆ ವಸ್ತು ಹಿಗ್ಗುತ್ತದೆ ಎಂದು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅದನ್ನು ಏಳನೆಯ ಕ್ಲಾಸು ದಾಟದವನು ನನಗೆ ನೆನಪಿಸಿದ ಎಂಬುದೇ ಸಹಿಸಲಾಗಲಿಲ್ಲ.

ಒಪ್ಪಿಕೊಳ್ಳುವ ಬದಲು ನಾನು ಒಂದು ಪರೀಕ್ಷೆ ಸೂಚಿಸಿದೆ. ಸೈಟಿನ ಹಿಂದೆ ಸಣ್ಣ ಕಾಲುವೆ, ಸುತ್ತ ಮೋಟು ಗೋಡೆ ಕಟ್ಟಿಸಿ, ಅದರ ಮೇಲೆ ಒಂದು ಚೌಕ ಶೇಖರ ನನ್ನ ಪ್ಲಾನಿನಂತೆ, ಇನ್ನೊಂದು ಐತಪ್ಪ ತನ್ನ ರೀತಿಯಂತೆ ಹಾಕಲಿ. ಗಾರೆ ಗಟ್ಟಿಯಾಗಲು ಮೂರು ವಾರ ಬಿಟ್ಟು, ಮೂರು ದಿನ ಬೆಂಕಿ ಹಾಕುವುದು. ಯಾವುದು ಉಳಿಯುತ್ತದೋ ಆ ಮೇಸ್ತ್ರಿಗೆ ಕೆಲಸ. ಗೌಡರು ಸಂತೋಷದಿಂದ ಒಪ್ಪಿದರು. ಬರಿಯ ಮೂರು ದಿನದ ಶಾಖಕ್ಕೆ ನನ್ನದು ಹೇಗೂ ತಡೆದೀತು ಎಂದು ನಾನು ಲೆಕ್ಕ ಹಾಕಿದ್ದೆ.

ನಾಲ್ಕನೆಯ ದಿನ ಎಲ್ಲರೂ ಹತ್ತು ಗಂಟೆಗೆ ಸೇರುವುದೆಂದು ಮಾತಾಗಿತ್ತು. ನಾನು ಮೊದಲ ಬಸ್ಸಿಗೇ ಬಂದೆ. ಹಿಂದಿನ ಸಂಜೆಯವರೆಗೂ ಸರಿಯಿದ್ದ ನನ್ನ ಚೌಕದಲ್ಲಿ ನಡುವಿನ ಎರಡು ಹಂಚು ಎದ್ದು ಒಂದಕ್ಕೊಂದು ಆನಿಕೊಂಡು ನಿಂತಿದ್ದವು. ಸಂದಿಯ ಸುತ್ತ ಕಪ್ಪು ಮಸಿ. ಐತಪ್ಪನ ಚೌಕವನ್ನು ಬೆರಳ ಗಂಟಿನಿಂದ ಕುಟ್ಟಿದೆ. ಎಲ್ಲೂ ಟೊಳ್ಳು ಸದ್ದಿಲ್ಲ.

ಅಲ್ಲೇ ಒಂದು ಪಿಕ್ಕಾಸು ಇತ್ತು. ಎರಡೂ ಚೌಕಗಳನ್ನು ಒಡೆದು ಹಾಕಿದೆ.

ಗೌಡರು ಬಂದಾಗ, "ಎರಡೂ ಒಂದೇ, ಚೆನ್ನಾಗಿಯೇ ಇದ್ದವು. ಅಡಿಯಲ್ಲಿ ಹೇಗಿದೆ ನೋಡಲು ಒಡೆದೆ" ಎಂದೆ. ಎರಡೂ ಒಂದೇ ಆದರೆ ಪಳಗಿದ ಶೇಖರನೇ ಇರಲಿ ಎಂದೂ ಸೇರಿಸಿದೆ. ಗೌಡರು ಹೂಂ ಎಂದರು. ಐತಪ್ಪ ಚೂರುಗಳ ನಡುವೆ ಕೂತು, ಗಾರೆ ಬಿಡದೆ ಅಂಟಿದ್ದ ತನ್ನ ಹಂಚಿನ ತುಂಡೊಂದನ್ನು ಎತ್ತಿ ನೋಡಿದ.

"ನನ್ನದು ಒಡೀಲಿಕ್ಕೆ ತುಂಬ ಹೊತ್ತು ಹಿಡೀತು ಅಲ್ವಾ ಇಂಜಿನಿಯರ್ರೆ?" ಎಂದಷ್ಟೇ ಕೇಳಿ, ಚೀಲ ಹೆಗಲಿಗೇರಿಸಿ ಹೋದ.

ನೆಲ ಮೇ ತಿಂಗಳ ಕೊನೆಗೆ ಮುಗಿಯಿತು. ನೋಡಲು ಕನ್ನಡಿಯಂತಿತ್ತು. ಜೂನ್ ಮೂರನೆಯ ವಾರ ಮರ್ಕಂಜ, ಅರಂತೋಡು ಕಡೆಯ ಬೆಳೆಗಾರರು ತಂದ ಹನ್ನೊಂದು ಚೀಲ ಬೀಜವನ್ನು ಹರಡಿ ಒಲೆ ಹಚ್ಚಿದರು. ಎರಡನೆಯ ದಿನ ಮಧ್ಯಾಹ್ನ ಒಳಗಿನಿಂದ ಪಟಾಕಿಯಂತೆ ಸದ್ದು ಬಂತು. ಬಾಗಿಲು ತೆರೆದರೆ ಕೋಣೆ ತುಂಬ ಹೊಗೆ. ಬೀಜವನ್ನು ಮೂಸಿ ನೋಡಿದ ಖರೀದಿಯವರು ಬೇಡವೆಂದು ತಲೆಯಾಡಿಸಿದರು. ಹನ್ನೊಂದು ಚೀಲವೂ ಗೊಬ್ಬರದ ಗುಂಡಿಗೆ ಹೋಯಿತು.

ಸಂಘದವರ ಸಿಟ್ಟೆಲ್ಲ ಶೇಖರನ ಮೇಲೆ ತಿರುಗಿತು. ಒಬ್ಬರು, "ಕೆಲಸ ಗೊತ್ತಿಲ್ಲದಿದ್ರೆ ಯಾಕೆ ಬರುದು ಮಾರಾಯ?" ಎಂದರು. ಶೇಖರ ನನ್ನ ಕಡೆ ನೋಡಿದ. "ನಾನು ಪ್ಲಾನಿನ ಹಾಗೆಯೇ ಹಾಕಿದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆರು ವರ್ಷದಲ್ಲಿ ಅವನು ನನ್ನೆದುರು ಹಾಗೆ ಮಾತಾಡಿದ್ದು ಅದೇ ಮೊದಲು. ನಾನು ಆಗಲೂ ಸುಮ್ಮನಿರಬಹುದಿತ್ತು. ಆದರೆ ಪಿಕ್ಕಾಸಿನ ವಿಷಯ ಹೇಳಿಬಿಟ್ಟೆ.

ಗೌಡರು ಬೈಯಲಿಲ್ಲ. "ಕಡಬಕ್ಕೆ ನೀವೇ ಹೋಗಿ ಕರ್ಕೊಂಡು ಬನ್ನಿ" ಎಂದರು.

ಐತಪ್ಪ ಕಡಬದ ಬಳಿ ಒಂದು ಮನೆಯ ಜಗಲಿಗೆ ಹಂಚು ಹಾಕುತ್ತಿದ್ದ. ನನ್ನನ್ನು ನೋಡಿಯೂ ಆ ಸಾಲು ಮುಗಿಯುವವರೆಗೆ ಏಳಲಿಲ್ಲ. ನಾನು ಅಂಗಳದಲ್ಲಿ ಕೊಡೆ ಹಿಡಿದು ನಿಂತು ಅವನ ಕೈ ನೋಡುತ್ತಿದ್ದೆ. ದಾರ ಕಟ್ಟದೆ ಕಣ್ಣಳತೆಯಲ್ಲೇ ಇಟ್ಟ ಸಾಲು ನೇರವಾಗಿತ್ತು. ಕ್ಷಮೆ ಕೇಳಲು ಬಂದವನಿಗೆ ಆ ಹೊತ್ತಿನಲ್ಲೂ ಅದನ್ನು ಕಂಡು ಹೊಟ್ಟೆ ಉರಿಯಿತು.

ಎಲ್ಲ ಕೇಳಿದ ಮೇಲೆ ಅವನು, "ಒಡೆದದ್ದು ನೀವೇ ಅಂತ ಅವತ್ತೇ ಗೊತ್ತಿತ್ತು. ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ" ಎಂದ.

"ನಿನ್ನದು ಚೆನ್ನಾಗಿತ್ತು, ಅದಕ್ಕೆ" ಎಂದೆ.

ಅವನು ಕೈಗೆ ಮೆತ್ತಿದ ಸುಣ್ಣ ಉಜ್ಜಿಕೊಂಡ. "ಬರ್ತೇನೆ. ಆದ್ರೆ ಮೊದಲು ಪ್ಲಾನು ಬದಲಿಸಿ, ಸಂಘದವರ ಎದುರು ಕೂತು. ನಾಳೆ ಇನ್ನೊಂದು ಕಡೆ ಇದೇ ಪ್ಲಾನು ಕೊಟ್ರೆ ಎಂತ ಮಾಡುದು? ಮತ್ತೆ ಶೇಖರಣ್ಣನೂ ನನ್ನ ಜೊತೆ ಬೇಕು."

ಹಾಗೆಯೇ ಆಯಿತು. ಸಂಘದವರ ಎದುರು ಕೂತು ಅವನು ಹೇಳಿದಂತೆ ಗೆರೆ ಎಳೆದೆ, ಅಳತೆ ಬರೆದೆ. ಹಳೆಯ ನೆಲ ಕಿತ್ತು ಹೊಸತು ಹಾಕಲು ಅವರಿಬ್ಬರಿಗೆ ಹದಿನಾಲ್ಕು ದಿನ ಬೇಕಾಯಿತು. ಗಾರೆ ಬಲಿಯಲು ಐತಪ್ಪ ಇನ್ನೊಂದು ತಿಂಗಳು ಕಾಯಿಸಿದ. ಗೌಡರು ಅವಸರ ಮಾಡಿದರೂ ಒಪ್ಪಲಿಲ್ಲ. ಆಗಸ್ಟಿನಲ್ಲಿ ಒಲೆ ಹಚ್ಚಿದಾಗ ಎಲ್ಲೂ ಒಂದೆಳೆ ಹೊಗೆ ಬರಲಿಲ್ಲ. ಜಡಿಮಳೆಯಲ್ಲಿ ಬಂದ ಬೆಳೆಗಾರರು ಚಪ್ಪಲಿ ಕಳಚಿ, ಒದ್ದೆ ಕಾಲನ್ನು ಆ ಬೆಚ್ಚನೆಯ ಹಂಚಿನ ಮೇಲಿಟ್ಟು ಸಣ್ಣ ಮಕ್ಕಳಂತೆ ನಗುತ್ತಿದ್ದರು. "ಐತಪ್ಪನ ನೆಲ" ಎಂದೇ ಅದಕ್ಕೆ ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಚುಚ್ಚುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ಸ್ವಲ್ಪ ಚುಚ್ಚುತ್ತದೆ.

ಅಸೂಯೆ ಬಿಟ್ಟುಬಿಡಿ ಎಂದು ಯಾರಿಗಾದರೂ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನನಗೇ ಅದು ಬಿಟ್ಟುಹೋಗಲಿಲ್ಲ. ನಿವೃತ್ತಿಯವರೆಗೆ ನಾನು ಮಾಡಿದ್ದು ಇಷ್ಟೇ: ಕೆಲಸಕ್ಕೆ ಜನ ಆರಿಸುವಾಗ ಪ್ಲಾನು ಕೈಗೆ ಕೊಟ್ಟು, ಇದರಲ್ಲಿ ತಪ್ಪೇನಿದೆ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಎಲ್ಲ ಸರಿ ಉಂಟು ಎನ್ನುತ್ತಿದ್ದರು. ಎಂದಾದರೊಮ್ಮೆ ಒಬ್ಬನ ಉತ್ತರಕ್ಕೆ ನನ್ನ ಮುಖ ಬಿಸಿಯಾಗುತ್ತಿತ್ತು, ಇವನನ್ನು ಹೇಗಾದರೂ ಇಲ್ಲಿಂದ ಕಳಿಸಬೇಕು ಎನಿಸುತ್ತಿತ್ತು. ಅಂಥವನಿಗೆ ಕೂಡಲೇ, ನನ್ನ ಮನಸ್ಸು ಬದಲಾಗುವ ಮೊದಲೇ, "ನಾಳೆಯಿಂದ ಬಾ" ಎಂದುಬಿಡುತ್ತಿದ್ದೆ.