ಅಧ್ಯಕ್ಷರ ಮಗಳು ಮಾಡಿದ ಕಾಲು

ದೇಶದ ಅಧ್ಯಕ್ಷರ ಮಗಳು ನಮ್ಮಲ್ಲಿಗೆ ಕೆಲಸ ಕಲಿಯಲು ಬರುತ್ತಾಳಂತೆ ಎಂಬ ಸುದ್ದಿ ಬಂದಾಗ ನಾವು ಐದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮದು ಕೃತಕ ಕಾಲು ಮಾಡುವ ಸರ್ಕಾರಿ ಕಾರ್ಖಾನೆ. ತಗಡಿನ ಮಾಡು, ಎರಡು ಉದ್ದನೆಯ ಮೇಜು, ಗೋಡೆಗೆ ಸಾಲಾಗಿ ತೂಗುಹಾಕಿದ ಮರದ ಪಾದಗಳು. ನಾನು ಅಲ್ಲಿ ಚರ್ಮದ ಪಟ್ಟಿ ಹೊಲಿಯುವವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕೈ ಕಲಿಸಿದ್ದೇ ವಿದ್ಯೆ, ಕಣ್ಣೇ ಅಳತೆಗೋಲು. ಅಷ್ಟು ದೊಡ್ಡ ಮನೆಯ ಮಗಳು ನಾಲ್ಕು ದಿನ ಮೂಗು ಮುಚ್ಚಿಕೊಂಡು ನಿಂತು, ಫೋಟೊ ಹೊಡೆಸಿಕೊಂಡು ಹೋಗುತ್ತಾಳೆ ಎಂದು ಬಾಯಿ ತುಂಬ ಹೇಳಿದವನು ನಾನೇ. ಆ ಮಾತನ್ನು ನುಂಗಿಕೊಳ್ಳಲು ಒಂದು ವಾರವೂ ಬೇಕಾಗಲಿಲ್ಲ.

ಅವಳು ಬಸ್ಸಿನಲ್ಲಿ ಬಂದಳು. ಜೊತೆಗೆ ಕಂಬದಂಥ ಒಬ್ಬ ಕಾವಲುಗಾರ. ಎರಡನೇ ದಿನವೇ ಅವನ ಕೈಗೆ ಪೊರಕೆ ಕೊಟ್ಟು, "ಸುಮ್ನೆ ನಿಂತ್ರೆ ಕಾಲು ಮರಗಟ್ಟುತ್ತೆ ಅಣ್ಣ, ಇಲ್ಲಿ ಆಗಲೇ ಬೇಕಾದಷ್ಟು ಮರದ ಕಾಲಿವೆ" ಎಂದಳು. ನಾಲ್ಕು ವರ್ಷ ಕಳೆದು ಅವಳಪ್ಪನ ಅಧಿಕಾರ ಮುಗಿದಾಗ ಕಾವಲುಗಾರ ಹೋದ. ಅವಳು ಹೋಗಲಿಲ್ಲ. ಕಾವಲುಗಾರನಷ್ಟು ಅಚ್ಚುಕಟ್ಟಾಗಿ ಗುಡಿಸುವವರು ನಮಗೆ ಮತ್ತೆ ಸಿಗಲೂ ಇಲ್ಲ. ಅವಳು ಮಾತ್ರ ಒಟ್ಟು ಮೂವತ್ತೊಂದು ವರ್ಷ ಅದೇ ಮೇಜಿನ ಮುಂದೆ ನಿಂತಳು.

ಅಧ್ಯಕ್ಷರಾಗುವ ಮೊದಲು ಅವಳಪ್ಪ ಶಾಲೆಯ ಮಾಸ್ತರರು. ಎರಡು ಕೋಣೆಯ ಅವರ ಮನೆಯಲ್ಲಿ ಅವಳ ಸೋದರಮಾವನೂ ಇದ್ದ. ರೈಲು ಹಳಿಯ ಕೆಲಸದಲ್ಲಿ ಅವನ ಒಂದು ಕಾಲು ಹೋಗಿತ್ತು. ಊರುಗೋಲು ಉಜ್ಜಿ ಉಜ್ಜಿ ಅವನ ಅಂಗಿಗಳೆಲ್ಲ ಕಂಕುಳಲ್ಲೇ ಹರಿಯುತ್ತಿದ್ದವು. ಅವಕ್ಕೆ ತೇಪೆ ಹಾಕುವುದು ಎಂಟು ವರ್ಷದ ಹುಡುಗಿಯಾಗಿದ್ದ ಇವಳ ಪಾಲಿನ ಕೆಲಸ. "ಮಾವನಿಗೆ ಒಂದು ಕಾಲು ಮಾಡ್ಸಿದ್ರೆ ಇಷ್ಟು ತೇಪೆ ಯಾಕೆ ಬೇಕಿತ್ತು ಅಂತ ಆಗಲೇ ಅನ್ನಿಸ್ತಿತ್ತು ಮಾಮ" ಎಂದು ನನ್ನ ಮುಂದೆ ಹೇಳಿದ್ದಳು. ಕಾರ್ಖಾನೆಯಲ್ಲಿ ಎಲ್ಲರಿಗೂ ನಾನು ಮಾಮ. ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡು ಬೆಳ್ಳಗೆ ನಿಂತಿರುತ್ತಿದ್ದಳಲ್ಲ, ಕಾಲಿಗಾಗಿ ಬಂದವರೆಲ್ಲ ಅವಳನ್ನು ಸುಣ್ಣದಕ್ಕ ಎಂದರು. ಅದೇ ಹೆಸರು ನಿಂತಿತು.

ಅವಳ ಬದುಕಿನಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳಿದರೆ ಸಾಕು, ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಅವಳು ಬಂದ ಮೂರನೇ ವರ್ಷ. ಲಾರಿಗೆ ಸಿಕ್ಕಿ ಮಂಡಿಯ ಕೆಳಗೆ ಕಾಲು ಕಳೆದುಕೊಂಡ ಒಬ್ಬ ಅಂಚೆಯವನು ನಮ್ಮಲ್ಲಿಗೆ ಬಂದ. ಅಂಚೆ ಕಚೇರಿಯವರು ಅವನಿಗೊಂದು ದಿನ ಗೊತ್ತುಮಾಡಿದ್ದರು. ಆ ದಿನ ತುಂಬಿದ ಚೀಲ ಹೊತ್ತು, ಯಾರ ಆಸರೆಯೂ ಇಲ್ಲದೆ ಕಚೇರಿಯ ಮೂರು ಮಹಡಿ ಹತ್ತಿ ಇಳಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅವನ ಬೀದಿಗಳು ಇನ್ನೊಬ್ಬನಿಗೆ. ಇನ್ನೊಂದು ಅವಕಾಶ ಇಲ್ಲ.

ಕಾಲು ಮಾಡುವ ಬಗೆ ಹೀಗೆ. ಉಳಿದ ಮೋಟುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯಬೇಕು. ಆ ಅಚ್ಚಿನ ಮೇಲೆ, ಮೋಟುಗಾಲು ಒಳಗೆ ಕೂರುವ ಬಟ್ಟಲು ಮಾಡಬೇಕು. ಬಟ್ಟಲು ಕೂತರೆ ಅದು ಕಾಲು, ಕೂರದಿದ್ದರೆ ಸೌದೆ. ಮೋಟುಗಾಲು ಊದಿಕೊಳ್ಳಬಾರದೆಂದು ಸದಾ ಬಿಗಿಪಟ್ಟಿ ಸುತ್ತಿರಬೇಕು, ಅಚ್ಚು ತೆಗೆಯುವ ಗಳಿಗೆಗಷ್ಟೇ ಬಿಚ್ಚಬೇಕು.

ಆಗಲೇ ನಮ್ಮ ಹೊಸ ಪ್ಲಾಸ್ಟರ್ ಕೋಣೆಯ ಉದ್ಘಾಟನೆ ಬಂತು. ಸ್ವತಃ ಅಧ್ಯಕ್ಷರೇ ಬರುವವರು. ಇಲಾಖೆಯ ಅಧಿಕಾರಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಮಗಳು ಮಾಡಿದ ಕಾಲಿನಲ್ಲಿ ಅಂಚೆಯವನು ವೇದಿಕೆ ಮೇಲೆ ನಡೆದುಬಂದು ಅಧ್ಯಕ್ಷರ ಕೈಗೆ ಒಂದು ಕಾಗದ ಕೊಡಬೇಕೆಂದು ಆ ಅಧಿಕಾರಿಯೇ ಏರ್ಪಾಡು ಮಾಡಿದ. ಅಚ್ಚು ತೆಗೆಯುವ ದಿನ ಫೋಟೊದವರನ್ನೂ ಕರೆತಂದ. ಅವರು ಬಿಗಿಪಟ್ಟಿ ಬಿಚ್ಚಿಸಿ, ದೀಪ ಸರಿಮಾಡುತ್ತ, ಕುರ್ಚಿ ಬದಲಿಸುತ್ತ, ಆ ಮನುಷ್ಯನನ್ನು ಎರಡು ತಾಸು ಮೋಟುಗಾಲು ಇಳಿಬಿಟ್ಟುಕೊಂಡು ಕೂರಿಸಿದರು. ಅವರೆಲ್ಲ ಹೋದ ಮೇಲೆ ಅಧಿಕಾರಿ ಬೇಗ ಬೇಗ ಎಂದು ತಲೆ ತಿಂದ. ಸುಣ್ಣದಕ್ಕ ಹಾಗೆಯೇ ಅಚ್ಚು ತೆಗೆದಳು. ನಾನೂ ಪಕ್ಕದಲ್ಲೇ ಇದ್ದೆ, ನನಗೂ ಹೊಳೆಯಲಿಲ್ಲ.

ಉದ್ಘಾಟನೆಯ ಬೆಳಗ್ಗೆ ಅಂಚೆಯವನು ಕಾಲು ತೊಟ್ಟ. ಬಟ್ಟಲಿನೊಳಗೆ ಎರಡು ಬೆರಳು ಸಲೀಸಾಗಿ ಹೋದವು. ಸುಣ್ಣದಕ್ಕನ ಮುಖ ಅವಳ ಕೈಗಿಂತ ಬೆಳ್ಳಗಾಯಿತು. "ಊದಿದ ಕಾಲಿಗೆ ಅಚ್ಚು ತೆಗೆದೆ ಮಾಮ" ಎಂದಳು.

ಅಧಿಕಾರಿ ಓಡಿಬಂದ. "ಅಷ್ಟೇ ತಾನೇ ಮೇಡಂ? ನಾಲ್ಕು ಕಾಲುಚೀಲ ತುರುಕಿ. ಹತ್ತು ಹೆಜ್ಜೆ, ಮುಗೀತು."

"ಹತ್ತು ಹೆಜ್ಜೇಲಿ ಚರ್ಮ ಕಿತ್ತು ಹೋಗುತ್ತೆ. ಹುಣ್ಣಾದ್ರೆ ಒಂದು ತಿಂಗಳು ಯಾವ ಕಾಲನ್ನೂ ಹಾಕೋ ಹಾಗಿಲ್ಲ. ಇವರ ಪರೀಕ್ಷೆಗೆ ಉಳಿದಿರೋದು ಹನ್ನೆರಡೇ ದಿನ."

"ನಾನು ನಡೀತೀನಿ ಅಕ್ಕ" ಎಂದ ಅಂಚೆಯವನು. "ಹಲ್ಲು ಕಚ್ಕೊಂಡು ನಡೀತೀನಿ. ನಿಮ್ಮ ತಂದೆಯೋರ ಮುಂದೆ ನಿಮ್ಮ ಮಾನ ಹೋಗಬಾರ್ದು."

"ನನ್ನ ಮಾನ ಇಟ್ಕೊಂಡು ನೀವು ಮಹಡಿ ಹತ್ತೋಕಾಗುತ್ತೇನಪ್ಪ? ಬಿಚ್ಚಿ ಅದನ್ನ. ಪಟ್ಟಿ ಸುತ್ಕೊಳ್ಳಿ."

ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂದೇಬಿಟ್ಟಿತು. ಅಂಗಳದ ತುಂಬ ಜನ, ಸಾಲಾಗಿ ಕ್ಯಾಮೆರಾ. ಸುಣ್ಣದಕ್ಕ ಆ ಕಾಲನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೇ ವೇದಿಕೆ ಹತ್ತಿದಳು.

"ಅಪ್ಪ, ಇವತ್ತು ಯಾರೂ ನಡೆಯೋದಿಲ್ಲ. ಅಚ್ಚು ತೆಗೆಯುವಾಗ ನಾನು ತಪ್ಪು ಮಾಡಿದ್ದೀನಿ. ಈ ಕಾಲು ಅವರಿಗೆ ಹೊಂದಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ಲೆಕ್ಕ ಹಾಕಿದ ಮಗುವನ್ನು ಮಾಸ್ತರರು ನೋಡುತ್ತಾರಲ್ಲ, ಹಾಗೆ ನೋಡಿದರು.

"ಸರಿಯಾದ್ದು ಯಾವಾಗ ಮಾಡ್ತೀಯ?"

"ಈಗಲೇ ಅಚ್ಚು ತೆಗೀಬೇಕು. ಬೆಳಗ್ಗೆಯ ಕಾಲು ಊದಿರಲ್ಲ. ಆದ್ರೆ ಒಳಗೆ ಒಂದು ಕ್ಯಾಮೆರಾನೂ ಬರಕೂಡದು."

"ನಾನು ಬರಬಹುದೋ?"

"ಬಕೆಟ್ ಹಿಡಿಯೋದಾದ್ರೆ ಬಾ."

ಅಧ್ಯಕ್ಷರು ಅಂಗಿಯ ತೋಳು ಮಡಿಚಿ ಬಂದರು. ನೀರು ತುಂಬಿದ ಬಕೆಟ್ ಹಿಡಿದರು. "ಸ್ವಲ್ಪ ಈಚೆಗೆ ಹಿಡಿ ಅಪ್ಪ, ಭಾಷಣ ಮಾಡೋ ಹಾಗೆ ಅತ್ತಿತ್ತ ಅಲ್ಲಾಡ್ಬೇಡ" ಎಂದು ಬೈಸಿಕೊಂಡರು. ಅಂಚೆಯವನು ನಗು ತಡೆಯಲಾರದೆ ಅಲುಗಿ ಅವನೂ ಬೈಸಿಕೊಂಡ.

ಮರುದಿನ ಪತ್ರಿಕೆಗಳು ಬಿಡಲಿಲ್ಲ. ಅಪ್ಪನಿಗೆ ದೇಶ ನಡೆಸಲು ಬರುವುದಿಲ್ಲ, ಮಗಳಿಗೆ ಒಬ್ಬನನ್ನೂ ನಡೆಸಲು ಬರುವುದಿಲ್ಲ ಎಂದು ಒಂದು ಪತ್ರಿಕೆ ಬರೆಯಿತು. ಅವಳಿಗೆ ಓದಲು ಬಿಡುವಿರಲಿಲ್ಲ. ನಾಲ್ಕು ದಿನದಲ್ಲಿ ಹೊಸ ಬಟ್ಟಲು ಮಾಡಿದಳು, ನಾನು ಪಟ್ಟಿ ಹೊಲಿದೆ. ಉಳಿದ ದಿನವೆಲ್ಲ ಬೆಳಗ್ಗೆ ಸಂಜೆ ಅಂಚೆಯವನು ನಮ್ಮ ಬೀದಿಯಲ್ಲಿ ಮೂಲೆಯ ನಲ್ಲಿಯವರೆಗೆ ಹೋಗಿ ಬರಬೇಕು, ಅವಳು ಅವನ ಹಿಂದೆ ನಡೆಯಬೇಕು. ಮುಂದೆ ನಿಂತು ನೋಡಿದರೆ ಮನುಷ್ಯ ಮುಖದಲ್ಲಿ ನೋವು ಮುಚ್ಚಿಡುತ್ತಾನೆ, ಹಿಂದಿನಿಂದ ನೋಡಿದರೆ ಸೊಂಟ ಎಲ್ಲವನ್ನೂ ಹೇಳಿಬಿಡುತ್ತದೆ ಎನ್ನುವಳು. ಆಮೇಲೆ ನಮ್ಮಲ್ಲಿ ಅದೇ ಕಟ್ಟಳೆಯಾಯಿತು: ಕಾಲು ಮಾಡಿದವರು ನಲ್ಲಿಯವರೆಗೆ ಹಿಂದೆ ನಡೆದು ನೋಡದೆ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಮುಂದೆ ಅವಳು ಲಾರಿಯ ಮೇಲೆ ಮೇಜು ಹಾಕಿಕೊಂಡು ಆಸ್ಪತ್ರೆಯೇ ಇಲ್ಲದ ಊರುಗಳಿಗೆ ಹೋದಾಗಲೂ ಆ ಕಟ್ಟಳೆ ಬಿಡಲಿಲ್ಲ. ನಲ್ಲಿ ಇಲ್ಲದ ಕಡೆ ಒಂದು ಮರವನ್ನೋ ಅಂಗಡಿಯನ್ನೋ ಗುರುತು ಮಾಡಿಕೊಳ್ಳುತ್ತಿದ್ದಳು.

ಪರೀಕ್ಷೆಯ ದಿನ ಕಾವಲುಗಾರನನ್ನು ಗುಡಿಸಲು ಬಿಟ್ಟು ನಾವಿಬ್ಬರೂ ಅಂಚೆ ಕಚೇರಿಗೆ ಹೋದೆವು. ಮೇಲಧಿಕಾರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರಮ್ಮ ನೀನು? ಹೊರಗೆ ನಿಂತ್ಕೋ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇವಳು ಯಾರ ಮಗಳು ಗೊತ್ತಾ ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಅಂಗಿ ಹಿಡಿದೆಳೆದಳು. ಮೆಟ್ಟಿಲ ಬುಡದಲ್ಲಿ, ಹೊರಗೆ, ಕಣ್ಣು ಮುಚ್ಚಿ ನಿಂತಳು. ಮೇಲಿನಿಂದ ಹೆಜ್ಜೆಯ ಸದ್ದು ಬರುತ್ತಿತ್ತು. ಒಂದು ಮೆತ್ತಗೆ, ಒಂದು ಗಟ್ಟಿ; ಒಂದು ಮೆತ್ತಗೆ, ಒಂದು ಗಟ್ಟಿ. ಮೂರನೇ ಮಹಡಿಯಲ್ಲಿ ಸದ್ದು ನಿಂತಿತು. ಅವಳ ಉಗುರು ನನ್ನ ತೋಳಿನಲ್ಲಿ ಇಳಿಯಿತು. ಮತ್ತೆ ಶುರುವಾಯಿತು, ಅದೇ ಲಯದಲ್ಲಿ, ಕೆಳಮುಖವಾಗಿ.

ಅಂಚೆಯವನು ಚೀಲ ಹೊತ್ತೇ ಹೊರಬಂದ. "ಮೇಲೆ ಯಾಕೆ ನಿಂತ್ಯೋ ಮಾರಾಯ, ಜೀವ ಬಾಯಿಗೆ ಬಂತು" ಎಂದೆ.

"ರುಜು ಹಾಕಿಸ್ಕೊಂಡ್ರು ಮಾಮ. ಚೀಲದಲ್ಲಿರೋದು ಇವತ್ತಿನ ಟಪಾಲೇ. ಈಗಲೇ ಹಂಚಿ ಬಾ ಅಂದ್ರು."

ಹೊರಟ. ಇವಳೂ ಅಭ್ಯಾಸಬಲದಿಂದ ಹಿಂದೆಯೇ ಹೊರಟಳು, ಕಣ್ಣು ಅವನ ಸೊಂಟದ ಮೇಲೆ. ನಾಲ್ಕು ಮನೆ ದಾಟಿ ಅವನು ತಿರುಗಿದ. "ಅಕ್ಕ, ನೀವು ಹೀಗೆ ಪೊಲೀಸಿನೋರ ಥರ ಹಿಂದೆ ಬಂದ್ರೆ ಯಾರೂ ಬಾಗಿಲು ತೆಗೆಯಲ್ಲ. ನಿಂತ್ಕೊಳ್ಳಿ ಅಲ್ಲೇ."

ಅವಳು ನಿಂತಳು. ಅವನು ಐದನೇ ಮನೆಯ ಬಾಗಿಲು ತಟ್ಟಿದ.