ಕುರುಗೋಡಿನ ಕಪ್ಪು ಬಾಕು

ನಾನು ಮೊದಲು ಕಂಡ ಕೆರಿಸ್ ಒಂದು ಹಸುಗೂಸಿನ ತಲೆದಿಂಬಿನಡಿ ಇತ್ತು. ದೊಡ್ಡ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಬಳ್ಳಾರಿಯ ಹತ್ತಿ ಕಾರ್ಖಾನೆಯೊಂದರ ಪರವಾಗಿ ಊರೂರು ತಿರುಗಿ ಹತ್ತಿ ನೋಡಿ ಬರುವುದು ನನ್ನ ಕೆಲಸ. ಸಿರುಗುಪ್ಪದಲ್ಲಿ ಹೊಲದವರೊಬ್ಬರ ಮನೆಗೆ ಹೋದಾಗ ಅವರ ಮಗ, ದಂಡಿನಲ್ಲಿದ್ದು ಜಾವಾ ದ್ವೀಪದ ತನಕ ಹೋಗಿ ಬಂದವನು, ತನ್ನ ಕೂಸನ್ನು ತೋರಿಸಲು ತೊಟ್ಟಿಲ ಹತ್ತಿರ ಕರೆದ. ಬಾಣಂತಿ ಮನೆಯಲ್ಲಿ ಗಾಳಿ ಸೋಕದಿರಲೆಂದು ಕುಡುಗೋಲನ್ನೋ ಅಡಕೊತ್ತನ್ನೋ ಇಡುವುದು ನಮ್ಮ ಕಡೆ ವಾಡಿಕೆ. ಇವರು ಇಟ್ಟದ್ದು ಹರಿದಾಡುವ ಹಾವಿನ ಹಾಗೆ ಡೊಂಕುಡೊಂಕಾದ ಒಂದು ಬಾಕು. ಕೂಸಿನ ಮುಖ ಹೇಗಿತ್ತೋ ನನಗೆ ಇವತ್ತಿಗೂ ನೆನಪಿಲ್ಲ.

ಆ ದೇಶದವರು ಇದನ್ನು ಕೆರಿಸ್ ಅನ್ನುತ್ತಾರೆ, ಡೊಂಕು ಎಷ್ಟೇ ಇದ್ದರೂ ಬೆಸ ಸಂಖ್ಯೆಯಲ್ಲೇ ಇರುತ್ತವೆ ಎಂದು ಸಿಪಾಯಿ ಹೇಳಿದ. ಎಣಿಸಿದೆ, ಏಳು. ನಂಬಿಕೆ ಬಾರದೆ ಮತ್ತೆ ಎಣಿಸಿದೆ. ಹತ್ತಿಯ ಮಾತು ಮರೆತೇ ಹೋಯಿತು. ಕೈಗಡಿಯಾರ ಬಿಚ್ಚಿ ಅವನ ಮುಂದಿಟ್ಟೆ. ಕೂಸಿಗೆ ಕುಡುಗೋಲು ಸಾಕೆಂದು ಅವನೇ ಹೆಂಡತಿಯನ್ನು ಒಪ್ಪಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಹೊತ್ತೆಷ್ಟಾಯಿತೆಂದು ಪಕ್ಕದವರನ್ನು ಮೂರು ಸಲ ಕೇಳಿದೆ.

ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಬದನೆಕಾಯಿ ಹೆಚ್ಚಲು ಬರುವುದಿಲ್ಲ, ಕಟ್ಟಿಗೆ ಸೀಳಲೂ ಬರುವುದಿಲ್ಲ, ಗಡಿಯಾರವಾದರೆ ಹೊತ್ತನ್ನಾದರೂ ತೋರಿಸುತ್ತಿತ್ತು ಎಂದಳು. ಸಿಟ್ಟು ಬಂದು ಅವಳ ಕೈಯಿಂದ ಕಿತ್ತುಕೊಂಡು ನನ್ನ ಪೆಟ್ಟಿಗೆಯಲ್ಲಿಟ್ಟೆ.

ಹುಚ್ಚು ತಲೆಗೇರಿದ್ದು ಹಾಗೆ. ಮೊದಲೇ ನನ್ನದು ಒಂದು ಕಡೆ ನಿಲ್ಲುವ ಕಾಲಲ್ಲ. ಈಗಂತೂ ಊಟಕ್ಕೆ ಕೂತರೂ ಮನಸ್ಸು ಬಸ್ ನಿಲ್ದಾಣದಲ್ಲಿರುತ್ತಿತ್ತು. ಯಾವ ಊರಿಗೆ ಹೋದರೂ ಮೊದಲು ದಂಡಿಗೆ ಹೋಗಿ ಬಂದವರ ವಿಚಾರ, ಆಮೇಲೆ ಹತ್ತಿಯ ವಿಚಾರ. ರೂಪನಗುಡಿಯಲ್ಲಿ ಒಂಬತ್ತು ಡೊಂಕಿನದು ಸಿಕ್ಕಿತು, ನನ್ನ ಉಣ್ಣೆಯ ಕೋಟು ಹೋಯಿತು. ಕೊಳಗಲ್ಲಿನಲ್ಲಿ ಹನ್ನೊಂದರದು, ಸೈಕಲ್ಲೇ ಹೋಯಿತು. ಒಂದು ಸಿಕ್ಕ ಸಂತೋಷ ಮನೆ ಮುಟ್ಟುವ ತನಕವೂ ಬಾಳುತ್ತಿರಲಿಲ್ಲ. ಮೂರೂ ಫಳಫಳ ಹೊಳೆಯುತ್ತಿದ್ದವು. ಕೆರಿಸ್ ಎಂದರೆ ಹಾಗೇ ಹೊಳೆಯುವ ವಸ್ತು ಎಂದು ನಾನು ತಿಳಿದಿದ್ದೆ.

ನಾಲ್ಕನೆಯದು ಇದ್ದದ್ದು ಕುರುಗೋಡಿನಲ್ಲಿ, ಒಬ್ಬ ವಿಧವೆಯ ಮನೆಯಲ್ಲಿ. ಆಕೆಯ ಒಬ್ಬನೇ ಮಗ ಜಾವಾದಲ್ಲೇ ತೀರಿಕೊಂಡಿದ್ದ. ಅವನ ತಗಡಿನ ಪೆಟ್ಟಿಗೆ ಮಾತ್ರ ಊರಿಗೆ ಬಂದಿತ್ತು. ಅದರಲ್ಲಿ ಒಂದು ಅಂಗಿ, ಟಪಾಲಿಗೆ ಹಾಕದೆ ಉಳಿದ ಒಂದು ಕಾಗದ, ಈ ಬಾಕು. ಅಂಗಿಯನ್ನೂ ಬಾಕನ್ನೂ ಆಕೆ ಗೋಡೆಯ ಒಂದೇ ಗೂಟಕ್ಕೆ ತೂಗುಹಾಕಿದ್ದಳು. ಒರೆಯಿಂದ ಎಳೆದು ನೋಡಿದೆ. ಕಪ್ಪಗೆ, ಮಂಕಾಗಿ, ಮುಟ್ಟಿದರೆ ತರಿತರಿ. ಆದರೆ ಹದಿಮೂರು ಡೊಂಕು. ಏಳು, ಒಂಬತ್ತು, ಹನ್ನೊಂದು ನನ್ನ ಪೆಟ್ಟಿಗೆಯಲ್ಲಿದ್ದವು. ಇದೊಂದು ಬಂದರೆ ಸಾಕು, ಆಮೇಲೆ ಏನೂ ಬೇಡ ಅನ್ನಿಸಿತು.

ಹೋದಾಗಲೆಲ್ಲ ಆಕೆ ಮಜ್ಜಿಗೆ ಕೊಟ್ಟು ಮಗನ ಮಾತು ತೆಗೆಯುತ್ತಿದ್ದಳು. ಅವನು ಈಜು ಕಲಿತದ್ದು, ಹೋಳಿಗೆಗೆ ಜಗಳ ತೆಗೆದದ್ದು. ನಾನು ತಲೆಯಾಡಿಸುತ್ತ ಗೂಟದ ಕಡೆಯೇ ನೋಡುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಹುಡುಗನ ಒಂದು ಮಾತೂ ನನ್ನ ಕಿವಿಗೆ ಇಳಿಯಲಿಲ್ಲ. ಕೊಡು ಎಂದು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ, ಎಂಟನೆಯ ಸಲ ಹೋದಾಗ ಬೇರೆ ದಾರಿ ಹಿಡಿದೆ. ತುಕ್ಕು ಇದನ್ನು ತಿಂದುಹಾಕುತ್ತಿದೆ, ಮಹಾನವಮಿ ಹತ್ತಿರ ಬಂತು, ಒಯ್ದು ಚೊಕ್ಕ ಮಾಡಿ ತರುತ್ತೇನೆ ಎಂದೆ. ಒಮ್ಮೆ ನನ್ನ ಕೈಗೆ ಬಂದರೆ ಆಕೆಗೆ ಬರಿ ಗೂಟ ರೂಢಿಯಾಗುತ್ತದೆ, ಒಂದು ದಿನ ತಾನೇ ಇಟ್ಟುಕೊಳ್ಳಿ ಅನ್ನುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಆಕೆ ಮಗನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಬಾಕನ್ನು ಟವೆಲಿನಲ್ಲಿ ಸುತ್ತಿ ಕೊಟ್ಟಳು.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಕೂತೆ. ನಮ್ಮಲ್ಲಿ ಆಯುಧಪೂಜೆಗೆ ಕುಡುಗೋಲು, ಕೊಡಲಿಗಳನ್ನು ಹೇಗೆ ತಿಕ್ಕುತ್ತೇವೋ ಹಾಗೇ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ತುದಿಯಿಂದ ಶುರುಮಾಡಿ ಅರ್ಧಕ್ಕೆ ಬಂದಾಗ ನೀರು ಹಾಕಿ ಬಿಸಿಲಿಗೆ ಹಿಡಿದೆ. ತಿಕ್ಕಿದ ಭಾಗ ಫಳಫಳ ಎನ್ನುತ್ತಿತ್ತು. ತಿಕ್ಕದ ಭಾಗದಲ್ಲಿ, ಒದ್ದೆಯಾದ ಆ ಕಪ್ಪಿನೊಳಗೆ, ಕೊಡ ಮುಳುಗಿಸಿದ ಬಾವಿಯ ನೀರಿನಲ್ಲಿ ಎದ್ದಂಥ ಸಣ್ಣ ಸಣ್ಣ ಬಿಳಿ ಅಲೆಗಳು. ತಿಕ್ಕಿದ ಕಡೆ ಒಂದು ಗೆರೆಯೂ ಇರಲಿಲ್ಲ.

ಸಿರುಗುಪ್ಪಕ್ಕೆ ಓಡಿದೆ. ಸಿಪಾಯಿ ನೋಡಿ ನಾಲಿಗೆ ಕಚ್ಚಿಕೊಂಡ. "ಇದು ತುಕ್ಕಲ್ಲರಿ. ಒಳಗಿನ ಚಿತ್ರ ಕಾಣ್ಲಿ ಅಂತ ಅಲ್ಲಿಯವರು ಮದ್ದು ಹಚ್ಚಿ ಕಪ್ಪು ಮಾಡಿರತಾರ," ಎಂದ. ಹಾಗಾದರೆ ನಿನ್ನದೇಕೆ ಬೆಳ್ಳಗಿತ್ತು ಎಂದು ಜಬರಿಸಿದೆ. "ನಮ್ಮ ಮನಿಯಾಕಿ ಮಾನವಮಿಗೆ ತಿಕ್ಕಿಬಿಟ್ಟಿದ್ಲು," ಎಂದ.

ನನ್ನ ಪೆಟ್ಟಿಗೆಯ ಮೂರೂ ಹಾಗೆ ತಿಕ್ಕಿಸಿಕೊಂಡು ಬಂದವೇ. ಇಡೀ ಸೀಮೆಯಲ್ಲಿ ಉಳಿದಿದ್ದದ್ದು ಅದೊಂದು. ಮಗ ಹೋದ ಮೇಲೆ ಹಬ್ಬವನ್ನೇ ಬಿಟ್ಟಿದ್ದ ಮನೆಯಲ್ಲಿ ಇದ್ದುದರಿಂದ ಉಳಿದಿತ್ತು.

ಹದಿನೈದು ದಿನ ನಾನು ಮನುಷ್ಯನಾಗಿರಲಿಲ್ಲ. ಹೆಂಡತಿಯ ಮೇಲೆ ರೇಗಿದೆ, ಹತ್ತಿಯ ತೂಕದಲ್ಲಿ ತಪ್ಪು ಮಾಡಿದೆ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ ನೋಡಿದೆ. ಬೆರಳಿಗೆ ಬಂತೇ ಹೊರತು ಕಬ್ಬಿಣಕ್ಕೆ ಹತ್ತಲಿಲ್ಲ. ಕಳೆದುಹೋಯಿತೆಂದು ಹೇಳಿಬಿಡಲೇ ಎಂದೂ ಯೋಚಿಸಿದೆ. ಕೊನೆಗೆ ಅದೇ ಟವೆಲಿನಲ್ಲಿ ಸುತ್ತಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಆಕೆ ಅದನ್ನು ತೊಡೆಯ ಮೇಲೆ ಬಿಚ್ಚಿ, ಹೊಳೆಯುವ ಅರ್ಧದ ಮೇಲೆ ಬೆರಳಾಡಿಸಿದಳು. ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

"ಕಾಗದದಾಗ ಬರ್ದಿದ್ದ," ಎಂದಳು. "ಯವ್ವಾ, ಇದನ್ನ ತಿಕ್ಕಬ್ಯಾಡ, ಹಿಂಗ ಇರಬೇಕು ಅಂತ. ಸಾಲಿ ಮಾಸ್ತರು ಓದಿ ಹೇಳಿದ್ರು."

ನನಗೇಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ತಪ್ಪು ಮಾಡಿದವನೇ ದಬಾಯಿಸಿದ ಹಾಗೆ ಕೇಳಿಸಿತು ನನ್ನ ದನಿ.

"ನೀವು ಓದಿದೋರು. ನಿಮಗ ಗೊತ್ತಿರತೈತಿ ಅಂದ್ಕಂಡೆ."

ಎದ್ದು ಹೋಗಿ ಎಂದಿನಂತೆ ಮಜ್ಜಿಗೆ ತಂದುಕೊಟ್ಟಳು. ಗೂಟದಲ್ಲಿ ಅಂಗಿಯೊಂದೇ ಇತ್ತು. ಬಾಕನ್ನು ಮತ್ತೆ ಅದರ ಪಕ್ಕಕ್ಕೆ ಹಾಕುತ್ತಾಳೆಂದು ಕಾದೆ. ಆಕೆ ಅದನ್ನು ಟವೆಲಿನಲ್ಲಿ ಸುತ್ತಿ, ನನ್ನ ಕೈಗಿಟ್ಟಳು.

"ಒಯ್ರಿ, ಯಪ್ಪಾ. ಇನ್ನ ಇದು ನಿಮ್ದ."

ಆ ಒಂದು ಮಾತು ಕೇಳಬೇಕೆಂದೇ ನಾನು ಕುರುಗೋಡಿಗೆ ಒಂಬತ್ತು ಸಲ ಹೋಗಿದ್ದೆ.