ದೊಡ್ಡಮ್ಮನಿಗೊಂದು ಬಾಗಿಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೃಗಾಲಯದ ಹಿಂದಿನ ಗೇಟಿನಿಂದ ತಳ್ಳುಗಾಡಿಯೊಂದು ಕಿರುಗುಡುತ್ತಾ ಒಳಗೆ ಬರುತ್ತದೆ. ಅದರ ಮೇಲೆ ಚೌಕಟ್ಟಿನ ಸಮೇತ ಒಂದು ಕಬ್ಬಿಣದ ಬಾಗಿಲು. ತಳ್ಳುತ್ತಿರುವ ಹೆಂಗಸಿನ ತಲೆಗೆ ಬಿಗಿದ ಬಟ್ಟೆ, ಮೊಣಕೈವರೆಗೆ ಚರ್ಮದ ಗವಸು. ಇಲ್ಲಿ ಎಲ್ಲರೂ ಅವರನ್ನು ‘ವೆಲ್ಡಿಂಗ್ ಅಕ್ಕ’ ಎನ್ನುತ್ತಾರೆ.

“ಅಲ್ಲಮ್ಮಾ, ಗೋಡೆನೇ ಇಲ್ಲದ ಕಡೆ ಬಾಗಿಲು ಇಡ್ತೀಯಲ್ಲ, ನೋಡಿದೋರು ನಗಲ್ವಾ?” ಎಂದು ಕರಡಿಗಳ ಪಾಲಕ ಕೇಳುತ್ತಾರೆ. ನಿವೃತ್ತಿಯ ಅಂಚಿನಲ್ಲಿರುವ ಅವರು ಎಲ್ಲರಿಗೂ ‘ಮಾವ’.

“ನಗ್ಲಿ ಬಿಡಿ ಮಾವ. ಟಿಕೆಟ್ ತಗೊಂಡು ಬರೋದು ಮತ್ತೆ ಅಳೋಕಾ?”

ಈ ಬಾಗಿಲು ದೊಡ್ಡಮ್ಮನಿಗಾಗಿ. ದೊಡ್ಡಮ್ಮ ಎಂದರೆ ಇಲ್ಲಿನ ಮುದಿ ಹೆಣ್ಣು ಕರಡಿ. ಮರಿಯಾಗಿ ಬಂದಾಗಿನಿಂದ ಅವಳ ಪ್ರಪಂಚ ಸಿಮೆಂಟು ನೆಲದ ಒಂದು ಬೋನು, ಅದರ ಹಿಂದೊಂದು ಕತ್ತಲೆ ಕೋಣೆ. ಈಗ ಬೋನಿನ ಮುಂದೆ ಮರ, ನೀರಿನ ಹೊಂಡ, ಮಣ್ಣಿನ ದಿಬ್ಬ ಇರುವ ಅಂಗಳ ಸಿದ್ಧವಾಗಿದೆ. ಸುತ್ತಲಿನ ಆಳವಾದ ಕಂದಕವೇ ಬೇಲಿ. ಬೋನಿನ ಮುಂಭಾಗದ ಕಂಬಿಗಳನ್ನು ಅಕ್ಕ ಕಳೆದ ತಿಂಗಳೇ ಕತ್ತರಿಸಿ ತೆಗೆದಿದ್ದಾರೆ. ಆದರೆ ದೊಡ್ಡಮ್ಮ ಹೊರಗೆ ಕಾಲಿಟ್ಟಿಲ್ಲ. ಕಂಬಿಗಳಿದ್ದ ಗೆರೆಯವರೆಗೆ ಬರುತ್ತಾಳೆ, ತಿರುಗಿ ಹೋಗುತ್ತಾಳೆ. ಆಚೆ ಕಲ್ಲಂಗಡಿ ಹೋಳಿಟ್ಟರೆ, ಇಲ್ಲದ ಕಂಬಿಗಳ ಸಂದಿಯಲ್ಲಿ ತೂರಿಸುವವಳಂತೆ ಪಂಜವನ್ನು ಓರೆ ಮಾಡಿ ಚಾಚಿ ಎಳೆದುಕೊಳ್ಳುತ್ತಾಳೆ. ಬಹುಕಾಲ ಬೋನಿನಲ್ಲಿದ್ದ ಪ್ರಾಣಿಗಳಲ್ಲಿ ಇಂಥ ನಡವಳಿಕೆ ಅಪರೂಪವಲ್ಲ. ಕಂಬಿ ಕಣ್ಣಿಗೆ ಕಾಣದಿದ್ದರೂ ಕಾಲಿಗೆ ಅದರ ರೂಢಿ ಉಳಿದಿರುತ್ತದೆ.

ಕಾಯಲು ಸಮಯವೂ ಇಲ್ಲ. ಈ ವಾರದ ಕೊನೆಗೆ ಬೇರೆ ಮೃಗಾಲಯದಿಂದ ಎರಡು ಎಳೆಯ ಕರಡಿಗಳು ಬರಲಿವೆ. ಅಷ್ಟರೊಳಗೆ ದೊಡ್ಡಮ್ಮ ಹೊರಬರದಿದ್ದರೆ ಅಂಗಳ ಅವುಗಳ ಪಾಲು. ಅವಳಿಗೆ ಕೊನೆತನಕ ಹಿಂದಿನ ಕೋಣೆಯೇ ಗತಿ.

ಯಾರೋ ಸಿರಿವಂತರ ತೋಟದಲ್ಲಿ ನವಿಲು, ಜಿಂಕೆಗಳಿಂದ ಶುರುವಾದ ಈ ಮೃಗಾಲಯಕ್ಕೆ ಮೊದಲ ಸಿಂಹ ಬಂದಾಗ ಬೋನು ಮಾಡಿಕೊಟ್ಟದ್ದು ಅಕ್ಕನ ಅಜ್ಜ. “ಕಂಬಿ ದಪ್ಪ ಇದ್ರೆ ಒಳಗಿರೋ ಸಿಂಹ ದೊಡ್ಡದಾಗಿ ಕಾಣುತ್ತೆ ಅಂತ ಅಜ್ಜನ ಲೆಕ್ಕ. ಪಾಪ, ಅದು ಬಡಕಲು ಸಿಂಹವಂತೆ” ಎಂದು ಅಕ್ಕ ನಗುತ್ತಾರೆ. ಅಪ್ಪನ ಕಾಲ ಆ ಕಂಬಿಗಳ ತುಕ್ಕು ಕೆರೆದು ತೇಪೆ ಹಾಕುವುದರಲ್ಲೇ ಕಳೆಯಿತು. ಮಗಳು ಈಗ ಬೋನುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಅಮ್ಮನಿಗೆ ಇದು ಸರಿಬಂದಿಲ್ಲ.

“ನಿಮ್ಮಜ್ಜ ಮೈಮುರಿದು ಮಾಡಿದ್ದನ್ನ ಕಡಿದು ಹಾಕ್ತೀಯಲ್ಲೇ ಅಂತ ಊಟಕ್ಕೆ ಕೂತಾಗೆಲ್ಲ ಶುರು ಮಾಡ್ತಾಳೆ. ಅಷ್ಟು ಗಟ್ಟಿಯಾಗಿ ಮಾಡಿದ್ಯಾಕೆ, ನನ್ನ ಬ್ಲೇಡೆಲ್ಲ ಸವೆದುಹೋಯ್ತು ಅಂತ ನಾನೂ ಬೈತೀನಿ!”

ಬಾಗಿಲಿನ ಯೋಚನೆ ಹುಟ್ಟಿದ್ದು ಮಾವನ ಗೊಣಗಾಟದಿಂದ. “ಬಾಗಿಲು ತೆಗೆದ ಸದ್ದು ಕೇಳದೆ ಈ ಮಹಾರಾಯ್ತಿ ಎಲ್ಲಿಗೂ ಹೋದವಳಲ್ಲ” ಎಂದು ಅವರು ಬೇಸತ್ತು ಅಂದದ್ದನ್ನು ಅಕ್ಕ ತಮಾಷೆಯೆಂದು ಬಿಡಲಿಲ್ಲ. ಸರಪಳಿ ಎಳೆದರೆ ಮೇಲೇಳುವ ಹಳೆಯ ಬಾಗಿಲೊಂದನ್ನು ಗುಜರಿ ರಾಶಿಯಿಂದ ಹೊರಗೆಳೆದರು.

ದೊಡ್ಡಮ್ಮ ಇನ್ನೂ ಕೋಣೆಯೊಳಗೆ ಬಂದಿಯಾಗಿರುವಾಗಲೇ, ಕಂಬಿಗಳಿದ್ದ ಗೆರೆಯ ನಡುವೆ ಚೌಕಟ್ಟು ನಿಲ್ಲುತ್ತದೆ. ಕಿಡಿ ಹಾರುತ್ತದೆ. ಬೆಸುಗೆ ಆರಿದ ಮೇಲೆ ಇಬ್ಬರೂ ಹೊರಬರುತ್ತಾರೆ. ಮಾವ ಕೋಣೆ ತೆರೆಯುತ್ತಾರೆ. ಎಡಕ್ಕೂ ಬಯಲು, ಬಲಕ್ಕೂ ಬಯಲು, ನಡುವೆ ಮುಚ್ಚಿದ ಬಾಗಿಲು. ದೊಡ್ಡಮ್ಮ ಬಂದು ನೇರ ಅದರೆದುರಿಗೇ ಕೂರುತ್ತಾಳೆ.

ಅಕ್ಕ ಬೋನಿನ ಪಕ್ಕದ ಗೋಡೆಯಾಚೆಯಿಂದ ಸರಪಳಿ ಎಳೆಯುತ್ತಾರೆ. ಗರಗರ, ಧಡ್. ದೊಡ್ಡಮ್ಮ ಎದ್ದು ಚೌಕಟ್ಟು ಮೂಸುತ್ತಾಳೆ.

“ಬಾರೇ ತಾಯಿ, ಮರ್ಯಾದೆ ಉಳಿಸೇ” ಎಂದು ಮಾವ ಪಿಸುಗುಡುತ್ತಾರೆ.

ಒಂದು ಮುಂಗಾಲು ದಾಟುತ್ತದೆ, ತಡೆದು ಇನ್ನೊಂದು. ಆಮೇಲೆ ಇಡೀ ಕರಡಿ. ಮಣ್ಣು ಮೆತ್ತಿದ ಪಾದವನ್ನೊಮ್ಮೆ ನೆಕ್ಕಿ, ದಿಬ್ಬದ ಮೇಲೆ ಅಂಗಾತ ಬಿದ್ದು ಬೆನ್ನುಜ್ಜತೊಡಗುತ್ತಾಳೆ.

“ನೋಡಿದ್ಯಾ, ನಾನು ಹೇಳಿದ್ದೇ ಆಯ್ತು!”

“ಹೇಳಿದ್ದು ನೀವು, ಹೊತ್ತಿದ್ದು ನಾನು.” ಅಕ್ಕ ಗವಸು ಕಳಚಿ, ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬೆವರು ಎನ್ನುತ್ತಾರೆ.

ಬಾಗಿಲು ಹೀಗೆಯೇ ಇರುತ್ತದೆಯೇ ಎಂದು ಮಾವ ಕೇಳಿದಾಗ ಅಕ್ಕ ದಿಬ್ಬದ ಕಡೆಯಿಂದ ಕಣ್ಣು ತೆಗೆಯುವುದಿಲ್ಲ.

“ಈಗ ಇರ್ಲಿ. ಒಂದಿನ ಇದನ್ನ ಮರೆತು ಪಕ್ಕದಿಂದ ಸುಮ್ನೆ ಬಂದುಬಿಡ್ತಾಳಲ್ಲ, ಅವತ್ತು ಬಂದು ಇದನ್ನೂ ಕತ್ತರಿಸ್ತೀನಿ. ಅದೊಂದು ಕೆಲಸಕ್ಕೆ ನನ್ನ ಬೇಗ ಕರೀಲಿ ಅಂತ ಆಸೆ.”